ಹನ್ನೆರಡು ಕೌನ್ಸಿಲ್ ಹೋಗಿ ಎರಡು ಬಂದಾಗ: ಮನೆಗಾಗಿ ಕಾದವರ ಸಾಲು ಏನಾಗುತ್ತದೆ?

ಲಂಡನ್ನಿನ ನೈಋತ್ಯ ಅಂಚಿಗೆ ತಾಗಿಕೊಂಡಿರುವ ಸರ್ರೆ ಕೌಂಟಿಯ ಸ್ಥಳೀಯ ಆಡಳಿತವನ್ನು ದಶಕಗಳಿಂದ ಹನ್ನೆರಡು ಕೌನ್ಸಿಲ್‌ಗಳು ಹಂಚಿಕೊಂಡಿವೆ. 2027ರ ಏಪ್ರಿಲ್ 1ರಿಂದ ಅಲ್ಲಿ ಎರಡೇ ಕೌನ್ಸಿಲ್ ಇರುತ್ತವೆ: ಈಸ್ಟ್ ಸರ್ರೆ ಮತ್ತು ವೆಸ್ಟ್ ಸರ್ರೆ. ಬ್ರಿಟನ್ ಸರ್ಕಾರ ಈ ತೀರ್ಮಾನವನ್ನು 2025ರ ಅಕ್ಟೋಬರ್ ಕೊನೆಯಲ್ಲಿ ಪ್ರಕಟಿಸಿತು. ಇದೇ ಬಗೆಯ ಆಡಳಿತವಿರುವ ಇಂಗ್ಲೆಂಡಿನ ಉಳಿದ ಪ್ರದೇಶಗಳಿಗೆ ಗೊತ್ತುಮಾಡಿರುವ ದಿನ 2028ರ ಏಪ್ರಿಲ್ 1.

ಕಸ ಯಾರು ಒಯ್ಯುತ್ತಾರೆ, ಕೌನ್ಸಿಲ್ ತೆರಿಗೆ ಏರುತ್ತದೆಯೇ, ನಮ್ಮೂರಿನ ಹೆಸರು ಉಳಿಯುತ್ತದೆಯೇ ಎಂಬ ಚರ್ಚೆಯೇ ಅಲ್ಲಿನ ಪತ್ರಿಕೆಗಳ ತುಂಬ. ಆದರೆ ಸದ್ದಿಲ್ಲದೆ ಅತಿ ಹೆಚ್ಚು ಅಲುಗಾಡುವ ಸೇವೆಗಳು ಮೂರು: ಬಡವರಿಗೆ ಬಾಡಿಗೆ ಮನೆ ಹಂಚುವುದು, ಮನೆ ಕಳೆದುಕೊಂಡವರಿಗೆ ಆಸರೆ ಕೊಡುವುದು, ಎಲ್ಲಿ ಏನು ಕಟ್ಟಬಹುದೆಂದು ನಿರ್ಧರಿಸುವುದು. ಈ ಮೂರೂ ಈಗ ಇರುವುದು ಅಳಿಸಿಹೋಗಲಿರುವ ಚಿಕ್ಕ ಕೌನ್ಸಿಲ್‌ಗಳ ಕೈಯಲ್ಲಿ.

ಕೆಳಗೊಂದು, ಮೇಲೊಂದು

ಇಂಗ್ಲೆಂಡಿನ ಗ್ರಾಮಾಂತರ ಭಾಗಗಳಲ್ಲಿ 1974ರಿಂದ ಎರಡು ಸ್ತರದ ಆಡಳಿತವಿದೆ. ಮೇಲೆ ಕೌಂಟಿ ಕೌನ್ಸಿಲ್, ಕೆಳಗೆ ಡಿಸ್ಟ್ರಿಕ್ಟ್ ಕೌನ್ಸಿಲ್. ಡಿಸ್ಟ್ರಿಕ್ಟ್ ಎಂಬ ಹೆಸರು ಕೇಳಿ ನಮ್ಮ ಜಿಲ್ಲೆಯನ್ನು ಊಹಿಸಿಕೊಂಡರೆ ಲೆಕ್ಕ ತಪ್ಪುತ್ತದೆ. ಗಾತ್ರದಲ್ಲಿ ಅದು ನಮ್ಮ ತಾಲ್ಲೂಕಿನಂಥದ್ದು. ಒಂದೊಂದರಲ್ಲಿ ಸಾಮಾನ್ಯವಾಗಿ ಒಂದು, ಒಂದೂವರೆ ಲಕ್ಷ ಜನ. ಶಾಲೆ, ದೊಡ್ಡ ರಸ್ತೆಗಳು, ವೃದ್ಧರ ಮತ್ತು ಮಕ್ಕಳ ಆರೈಕೆ ಕೌಂಟಿಯ ಹೊಣೆ. ಮನೆ, ಮನೆಯಿಲ್ಲದವರು, ಕಟ್ಟಡದ ಅನುಮತಿ ಡಿಸ್ಟ್ರಿಕ್ಟ್‌ನ ಹೊಣೆ. ದೊಡ್ಡ ನಗರಗಳಲ್ಲಿ ಮತ್ತು ಬೇರೆ ಕೆಲವು ಭಾಗಗಳಲ್ಲಿ ಈ ವಿಂಗಡಣೆ ಇಲ್ಲ. ಎಲ್ಲವೂ ಒಂದೇ ಕೌನ್ಸಿಲ್‌ನ ಕೆಲಸ.

2024ರ ಡಿಸೆಂಬರ್‌ನಲ್ಲಿ ಲೇಬರ್ ಸರ್ಕಾರ ಹೊರಡಿಸಿದ ಶ್ವೇತಪತ್ರ ಈ ಎರಡು ಸ್ತರಗಳನ್ನು ಇಡೀ ದೇಶದಲ್ಲಿ ಮುಗಿಸಿಬಿಡುವ ಉದ್ದೇಶ ಪ್ರಕಟಿಸಿತು. ಆಗ ಉಳಿದಿದ್ದದ್ದು 21 ಕೌಂಟಿ ಮತ್ತು 164 ಡಿಸ್ಟ್ರಿಕ್ಟ್ ಕೌನ್ಸಿಲ್‌ಗಳು. ಅವುಗಳ ಜಾಗದಲ್ಲಿ ಐದು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿಗೊಂದು ಏಕಸ್ತರದ ಕೌನ್ಸಿಲ್ ಬರಬೇಕು ಎಂಬುದು ಲೆಕ್ಕಾಚಾರ. ಈ ಸಂಖ್ಯೆ ಮಾರ್ಗಸೂಚಿಯೇ ಹೊರತು ಕಟ್ಟುಪಾಡಲ್ಲ ಎಂದು ಸಚಿವರು ಆಮೇಲೆ ಸ್ಪಷ್ಟಪಡಿಸಿದರು.

ದೊಡ್ಡದು ಬೇಕೆನ್ನುವವರು, ಬೇಡವೆನ್ನುವವರು

ಪರವಾಗಿರುವವರ ಮೊದಲ ವಾದ ಹಣದ್ದು. ಹನ್ನೆರಡು ಮುಖ್ಯಾಧಿಕಾರಿಗಳ ಬದಲು ಇಬ್ಬರು, ಹನ್ನೆರಡು ಕಂಪ್ಯೂಟರ್ ವ್ಯವಸ್ಥೆಗಳ ಬದಲು ಎರಡು. ಕೌಂಟಿ ಕೌನ್ಸಿಲ್‌ಗಳ ಒಕ್ಕೂಟ 2020ರಲ್ಲಿ ಮಾಡಿಸಿದ ಅಂದಾಜಿನ ಪ್ರಕಾರ ಐದು ವರ್ಷಗಳಲ್ಲಿ ಸುಮಾರು 290 ಕೋಟಿ ಪೌಂಡ್ ಉಳಿಯಬೇಕಿತ್ತು. ಅದೇ ಒಕ್ಕೂಟ 2025ರಲ್ಲಿ ಲೆಕ್ಕವನ್ನು ಪರಿಷ್ಕರಿಸಿದಾಗ ಬೇರೆಯದೇ ಚಿತ್ರ ಕಂಡಿತು: ಹೊಸ ಕೌನ್ಸಿಲ್‌ಗಳು ಚಿಕ್ಕವಾಗಿ, ಸಂಖ್ಯೆಯಲ್ಲಿ ಹೆಚ್ಚಾದರೆ ಉಳಿತಾಯದ ಮಾತಿರಲಿ, ಕೈಯಿಂದಲೇ ಹಣ ಹೋಗುತ್ತದೆ. ಚಿಕ್ಕ ಕೌನ್ಸಿಲ್ ಬೇಡವೆನ್ನುವ ಒಕ್ಕೂಟಕ್ಕೆ ಈ ಫಲಿತಾಂಶದಿಂದ ಬೇಸರವೇನೂ ಆಗಿರಲಾರದು.

ಎರಡನೆಯ ವಾದ ಇದಕ್ಕಿಂತ ಗಟ್ಟಿಯಾದದ್ದು. ಮನೆ ಕಳೆದುಕೊಳ್ಳುವವರ ಸಮಸ್ಯೆ ಬರೀ ಮನೆಯದ್ದಲ್ಲ. ಗಂಡನ ಹಿಂಸೆ ತಾಳದೆ ಹೊರಬಂದ ತಾಯಿ, ಹದಿನೆಂಟು ತುಂಬಿ ಸರ್ಕಾರಿ ಪೋಷಣೆಯಿಂದ ಹೊರಬಿದ್ದ ಹುಡುಗ, ಆಸ್ಪತ್ರೆಯಿಂದ ಬಿಡುಗಡೆಯಾದರೂ ಹೋಗಲು ಜಾಗವಿಲ್ಲದ ಮಾನಸಿಕ ರೋಗಿ, ಇವರೆಲ್ಲರೂ ಈಗ ಎರಡು ಕಚೇರಿಗಳ ನಡುವೆ ಓಡಾಡುತ್ತಾರೆ. ಆರೈಕೆ ಕೌಂಟಿಯದು, ಮನೆ ಡಿಸ್ಟ್ರಿಕ್ಟ್‌ನದು. ಖರ್ಚು ತನ್ನ ತಲೆಗೆ ಬಾರದಿರಲಿ ಎಂದು ಇಬ್ಬರೂ ಪ್ರಯತ್ನಿಸುತ್ತಾರೆ. ಒಂದೇ ಕೌನ್ಸಿಲ್ ಆದರೆ ಒಂದೇ ಚೀಲ, ಒಂದೇ ಹೊಣೆ ಎಂಬುದು ಆಶಯ.

ಡಿಸ್ಟ್ರಿಕ್ಟ್‌ಗಳ ಭಯವೂ ಈ ಒಂದೇ ಚೀಲದ ಬಗ್ಗೆಯೇ. ಕೌಂಟಿಗಳ ಖರ್ಚಿನ ಬಹುಪಾಲನ್ನು ಆರೈಕೆಯ ವೆಚ್ಚ ನುಂಗುತ್ತಿದೆ. ಅದು ವರ್ಷವರ್ಷವೂ ಏರುತ್ತಿರುವ, ಕಾನೂನುಬದ್ಧವಾದ, ಮುಂದೂಡಲಾಗದ ಖರ್ಚು. ಬಾಡಿಗೆ ಬಾಕಿ ಬಿದ್ದ ಕುಟುಂಬವನ್ನು ಮನೆ ಬಿಡುವ ಮುನ್ನವೇ ಉಳಿಸಿಕೊಳ್ಳುವ ತಡೆಗಟ್ಟುವ ಕೆಲಸಕ್ಕೆ ಮೀಸಲಾದ ಹಣ ಈ ಚೀಲಕ್ಕೆ ಬಿದ್ದರೆ ಮೊದಲು ಕರಗುವುದು ಅದೇ ಎಂದು ಅವರು ಹೇಳುತ್ತಾರೆ. 2023ರ ಏಪ್ರಿಲ್‌ನಲ್ಲಿ ನಾಲ್ಕು ಡಿಸ್ಟ್ರಿಕ್ಟ್‌ಗಳನ್ನು ಸೇರಿಸಿಕೊಂಡು ಹುಟ್ಟಿದ ಸಾಮರ್‌ಸೆಟ್ ಕೌನ್ಸಿಲ್ ಅದೇ ನವೆಂಬರ್‌ನಲ್ಲಿ ಆರ್ಥಿಕ ತುರ್ತುಸ್ಥಿತಿ ಘೋಷಿಸಿತು. ಅದಕ್ಕೆ ವಿಲೀನವೇ ಕಾರಣ ಎನ್ನುವುದು ಅನ್ಯಾಯ. ಆರೈಕೆಯ ವೆಚ್ಚ ಉಕ್ಕಿದ್ದು ಮುಖ್ಯ ಕಾರಣ. ಆದರೆ ಆ ವೆಚ್ಚದ ಹೊಡೆತದಿಂದ ಮೊದಲು ದೂರವಿದ್ದ ಸೇವೆಗಳು ಈಗ ಅದರ ದಾರಿಯಲ್ಲೇ ನಿಂತಿವೆ ಎಂಬುದೂ ನಿಜ.

ಒಂದೇ ಸೂರಿನಡಿ ಬಂದ ಮಾತ್ರಕ್ಕೆ ಇಲಾಖೆಗಳು ಒಂದಾಗುತ್ತವೆ ಎಂಬ ನಂಬಿಕೆಯನ್ನೂ ಪೂರ್ತಿ ಒಪ್ಪುವಂತಿಲ್ಲ. ಲಂಡನ್ನಿನ ಸದರ್ಕ್ ಮೊದಲಿನಿಂದಲೂ ಮಕ್ಕಳ ಆರೈಕೆ, ವಸತಿ ಎರಡನ್ನೂ ತಾನೇ ನಡೆಸುವ ಕೌನ್ಸಿಲ್. ಮನೆಯಿಂದ ಹೊರಹಾಕಲ್ಪಟ್ಟ ಹದಿನೇಳರ ಹುಡುಗನೊಬ್ಬ ಸಹಾಯ ಕೇಳಿದಾಗ ಅಲ್ಲಿನ ಮಕ್ಕಳ ವಿಭಾಗ ‘ನಿನಗೆ ಬೇಕಾದದ್ದು ವಸತಿ’ ಎಂದು ಅವನನ್ನು ಪಕ್ಕದ ವಿಭಾಗಕ್ಕೆ ಕಳಿಸಿತು. ಪ್ರಕರಣ ಆಗ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. 2009ರಲ್ಲಿ ನ್ಯಾಯಮೂರ್ತಿಗಳು ಇಂಥ ಮಕ್ಕಳ ಮೊದಲ ಹೊಣೆ ಮಕ್ಕಳ ವಿಭಾಗದ್ದೇ ಎಂದು ತೀರ್ಪಿತ್ತರು. ಗೋಡೆ ಎರಡು ಕಟ್ಟಡಗಳ ನಡುವೆಯೇ ಇರಬೇಕೆಂದಿಲ್ಲ, ಒಂದೇ ಕಟ್ಟಡದ ಎರಡು ಮಹಡಿಗಳ ನಡುವೆಯೂ ಏಳಬಹುದು.

ಐವತ್ತಾರು ದಿನಗಳ ಗಡುವು

ಮೂರು ಸೇವೆಗಳಲ್ಲಿ ವಿಲೀನದ ಏಟು ಬೇಗ ತಾಗುವುದು ವಸತಿಹೀನರ ಸೇವೆಗೆ. ಕಾರಣ ಅಲ್ಲಿನ ಕಾಲಮಾನ. 2018ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಇನ್ನು 56 ದಿನಗಳೊಳಗೆ ಮನೆ ಕಳೆದುಕೊಳ್ಳಲಿರುವ ಅರ್ಹ ವ್ಯಕ್ತಿ ಕೌನ್ಸಿಲ್‌ಗೆ ಹೋದರೆ ಅದನ್ನು ತಡೆಯಲು ಪ್ರಯತ್ನಿಸುವುದು ಕೌನ್ಸಿಲ್‌ನ ಕರ್ತವ್ಯ. ಮನೆ ಹೋಗಿಯೇಬಿಟ್ಟರೆ ಬೇರೆ ನೆಲೆ ಹುಡುಕಲು ಮತ್ತೆ 56 ದಿನ. ಮಕ್ಕಳಿರುವ ಕುಟುಂಬ, ಗರ್ಭಿಣಿ, ಅಶಕ್ತರು ಮುಂತಾದವರಿಗೆ ಆಮೇಲೂ ತಾತ್ಕಾಲಿಕ ವಸತಿ ಕೊಡಬೇಕು.

‘ಮನೆಯಿಲ್ಲದವರು’ ಎಂದರೆ ಅಲ್ಲಿ ರಸ್ತೆ ಬದಿ ಮಲಗುವವರಷ್ಟೇ ಅಲ್ಲ. 2025ರ ಮಾರ್ಚ್ ಕೊನೆಗೆ ಇಂಗ್ಲೆಂಡಿನಲ್ಲಿ ತಾತ್ಕಾಲಿಕ ವಸತಿಯಲ್ಲಿದ್ದ ಕುಟುಂಬಗಳು 1,31,140; ಅವುಗಳಲ್ಲಿದ್ದ ಮಕ್ಕಳು 1,69,050. ಎರಡೂ ಅಲ್ಲಿಯವರೆಗಿನ ದಾಖಲೆ. ಈ ವಸತಿಗೆ ಕೇಂದ್ರ ಸರ್ಕಾರ ತುಂಬಿಕೊಡುವ ಬಾಡಿಗೆ ಹಣವನ್ನು ಇನ್ನೂ 2011ರ ದರದ ಶೇ 90ಕ್ಕೆ ಕಟ್ಟಿಹಾಕಲಾಗಿದೆ. ಬಾಡಿಗೆ ಇಂದಿನದು, ಪರಿಹಾರ 2011ರದು. ನಡುವಿನ ಕಂದಕವನ್ನು ಕೌನ್ಸಿಲ್ ತನ್ನ ಬೊಕ್ಕಸದಿಂದ ತುಂಬಬೇಕು. ಕೆಲವು ಚಿಕ್ಕ ಡಿಸ್ಟ್ರಿಕ್ಟ್‌ಗಳು ದಿವಾಳಿಯ ಅಂಚಿಗೆ ಬಂದಿರುವುದಕ್ಕೆ ಇದೂ ಒಂದು ಕಾರಣ. ವಿಲೀನದಿಂದ ಈ ಕಂದಕ ಮುಚ್ಚುವುದಿಲ್ಲ, ಹೆಚ್ಚು ಜನರ ತಲೆಯ ಮೇಲೆ ಹಂಚಿಕೆಯಾಗುತ್ತದೆ ಅಷ್ಟೇ.

ಮಾರ್ಚ್ 31ರಂದು ಒಬ್ಬಳ ಕಡತ ನಲವತ್ತನೆಯ ದಿನದಲ್ಲಿದೆ ಎಂದಿಟ್ಟುಕೊಳ್ಳಿ. ಏಪ್ರಿಲ್ 1ಕ್ಕೆ ಎಣಿಕೆ ಮತ್ತೆ ಒಂದರಿಂದ ಶುರುವಾಗುವುದಿಲ್ಲ. ಹಳೆಯ ಕೌನ್ಸಿಲ್ ಮಾಡಿದ್ದನ್ನೆಲ್ಲ ಹೊಸ ಕೌನ್ಸಿಲ್ಲೇ ಮಾಡಿದ್ದೆಂದು ಕಾನೂನು ಪರಿಗಣಿಸುತ್ತದೆ. ಕಾಗದದಲ್ಲಿ ಲೋಪವಿಲ್ಲ. ಲೋಪ ಬರುವುದು ಮನುಷ್ಯರಲ್ಲಿ. ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ಅನುಭವಿ ಅಧಿಕಾರಿ ಆರು ತಿಂಗಳ ಮೊದಲೇ ಬೇರೆಡೆ ಸೇರಿಕೊಂಡಿರುತ್ತಾರೆ. ಯಾವ ಮನೆಮಾಲೀಕ ಮಾತಿಗೆ ಬಗ್ಗುತ್ತಾನೆ, ಯಾವ ಚರ್ಚಿನ ಸಭಾಂಗಣದಲ್ಲಿ ಚಳಿಗಾಲದ ರಾತ್ರಿ ಹಾಸಿಗೆ ಸಿಗುತ್ತದೆ ಎಂಬ ತಿಳಿವಳಿಕೆ ಯಾವ ಕಂಪ್ಯೂಟರ್‌ನಲ್ಲೂ ಇರುವುದಿಲ್ಲ. ಅದು ಅವರ ಜೊತೆಯಲ್ಲೇ ಹೋಗುತ್ತದೆ.

ಇನ್ನೊಂದು ಬದಲಾವಣೆ ಅಂಕಿಅಂಶಗಳ ಮರೆಯಲ್ಲಿ ಅಡಗಿ ಕೂರುತ್ತದೆ. ಆದಷ್ಟೂ ತನ್ನ ಗಡಿಯೊಳಗೇ ವಸತಿ ಕೊಡಬೇಕೆಂದು ಕೌನ್ಸಿಲ್‌ಗೆ ಕಾನೂನು ಹೇಳುತ್ತದೆ. ಗಡಿಯೇ ಹಿಗ್ಗಿದರೆ? 2023ರಲ್ಲಿ ಏಳು ಡಿಸ್ಟ್ರಿಕ್ಟ್‌ಗಳು ಮತ್ತು ಕೌಂಟಿ ಸೇರಿ ಆದ ನಾರ್ತ್ ಯಾರ್ಕ್‌ಷೈರ್ ಕೌನ್ಸಿಲ್‌ನ ವಿಸ್ತಾರ ಸುಮಾರು ಎಂಟು ಸಾವಿರ ಚದರ ಕಿಲೋಮೀಟರ್, ನಮ್ಮ ಶಿವಮೊಗ್ಗ ಜಿಲ್ಲೆಗಿಂತ ತುಸು ಕಡಿಮೆ. ಪೂರ್ವದ ಕಡಲತೀರದ ಸ್ಕಾರ್‌ಬರೊದಿಂದ ಪಶ್ಚಿಮದ ಸ್ಕಿಪ್ಟನ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು. ಮೊದಲು ಅಲ್ಲಿಂದ ಇಲ್ಲಿಗೆ ಒಂದು ಕುಟುಂಬವನ್ನು ಕಳಿಸಿದ್ದರೆ ಅದು ‘ಹೊರ ಪ್ರದೇಶ’ದ ಲೆಕ್ಕಕ್ಕೆ ಬೀಳುತ್ತಿತ್ತು. ಈಗ ಅದು ‘ಒಳಗೇ’. ಮಕ್ಕಳ ಶಾಲೆ, ದುಡಿಮೆಯ ಜಾಗ ಇತ್ಯಾದಿಗಳನ್ನು ಗಮನಿಸಬೇಕೆಂಬ ನಿಯಮ ಉಳಿದಿದೆ ನಿಜ. ಆದರೆ ದೂರ ಕಳಿಸಿದವರ ಸಂಖ್ಯೆ ಇಳಿಯಿತು ಎಂದು ಮುಂದೆ ಯಾವುದಾದರೂ ಹೊಸ ಕೌನ್ಸಿಲ್ ಹೆಮ್ಮೆಪಟ್ಟುಕೊಂಡರೆ, ಓದುವವರು ಭೂಪಟವನ್ನೂ ಒಮ್ಮೆ ಬಿಡಿಸಿ ನೋಡಬೇಕು.

ಸಾಲು ಒಂದು, ನಿಯಮ ಹಲವು

ಕೌನ್ಸಿಲ್ ಮನೆಗಳ ಕಾಯುವ ಪಟ್ಟಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಪ್ರತಿ ಕೌನ್ಸಿಲ್ ತಾನೇ ನಿರ್ಧರಿಸುತ್ತದೆ. ಒಂದರಲ್ಲಿ ಅಂಕಗಳ ಪದ್ಧತಿ, ಇನ್ನೊಂದರಲ್ಲಿ ಎ, ಬಿ, ಸಿ ಎಂಬ ಶ್ರೇಣಿ. ಒಂದೂರಿನಲ್ಲಿ ಎರಡು ವರ್ಷ ವಾಸವಿದ್ದರೆ ಸಾಕು, ಪಕ್ಕದೂರಿನಲ್ಲಿ ಐದು ವರ್ಷ ಬೇಕು ಎಂಬಂಥ ವ್ಯತ್ಯಾಸಕ್ಕೆ 2011ರ ಕಾನೂನು ಇನ್ನಷ್ಟು ಅವಕಾಶ ಕೊಟ್ಟಿತು.

ಈಗ ಇವುಗಳನ್ನು ಒಂದು ಮಾಡಬೇಕು. ಅತಿ ಉದಾರ ನಿಯಮವನ್ನೇ ಎಲ್ಲರಿಗೂ ಅನ್ವಯಿಸಿದರೆ ಸಾಲು ಒಂದೇ ದಿನದಲ್ಲಿ ಬೆಳೆಯುತ್ತದೆ, ಮನೆಗಳ ಸಂಖ್ಯೆ ಅಷ್ಟೇ ಇರುತ್ತದೆ. ಅತಿ ಬಿಗಿ ನಿಯಮವನ್ನು ಹೇರಿದರೆ ಏಳೆಂಟು ವರ್ಷ ಕಾದು ಮುಂದೆ ಬಂದವರು ಪಟ್ಟಿಯಿಂದಲೇ ಹೊರಬೀಳುತ್ತಾರೆ. ನಡುವಿನ ದಾರಿ ಹಿಡಿದರೂ ಯಾರಾದರೂ ಹಿಂದೆ ಸರಿಯಲೇಬೇಕು. ಯಾರ ಗೆಲುವೂ ಇನ್ನೊಬ್ಬರ ಸೋಲಾಗುವ ಲೆಕ್ಕವಿದು. ಹಾಗಾಗಿಯೇ ಹೊಸ ಕೌನ್ಸಿಲ್‌ಗಳು ಇದಕ್ಕೆ ಕೈಹಾಕಲು ಹಿಂಜರಿದು, ವರ್ಷಗಟ್ಟಲೆ ಹಳೆಯ ಪಟ್ಟಿಗಳನ್ನೇ ಅಕ್ಕಪಕ್ಕ ನಡೆಸುತ್ತವೆ. ಅದನ್ನು ಸೋಮಾರಿತನ ಎನ್ನುವವರಿದ್ದಾರೆ. ಅವಸರದ ಏಕರೂಪತೆಗಿಂತ ಈ ನಿಧಾನವೇ ಕಡಿಮೆ ಜನರನ್ನು ನೋಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಬಾಡಿಗೆಯ ಪೆಟ್ಟಿಗೆ

1980ರ ದಶಕದ ಕೊನೆಯಿಂದ ಹಲವು ಡಿಸ್ಟ್ರಿಕ್ಟ್‌ಗಳು ತಮ್ಮ ಮನೆಗಳನ್ನು ಲಾಭರಹಿತ ವಸತಿ ಸಂಘಗಳಿಗೆ ವರ್ಗಾಯಿಸಿದವು, ಕೆಲವು ಇಟ್ಟುಕೊಂಡವು. ಹೀಗಾಗಿ ಸರ್ರೆಯ ಹನ್ನೊಂದು ಡಿಸ್ಟ್ರಿಕ್ಟ್‌ಗಳಲ್ಲಿ ಸ್ವಂತ ಮನೆಗಳ ದೊಡ್ಡ ದಾಸ್ತಾನು ಇರುವುದು ಐದಕ್ಕೆ ಮಾತ್ರ. ಗಿಲ್ಫರ್ಡ್, ವೇವರ್ಲಿ, ವೋಕಿಂಗ್, ರನ್ನಿಮೀಡ್ ನಾಲ್ಕೂ ವೆಸ್ಟ್ ಸರ್ರೆಗೆ ಸೇರುತ್ತವೆ. ಈಸ್ಟ್ ಸರ್ರೆಯ ಪಾಲಿಗೆ ಬರುವುದು ಟ್ಯಾಂಡ್ರಿಜ್ ಒಂದೇ. ಅಂದರೆ ಒಂದು ಕಡೆ ನಾಲ್ಕು ಬಗೆಯ ದುರಸ್ತಿ ಗುತ್ತಿಗೆ, ನಾಲ್ಕು ಬಗೆಯ ದಾಖಲೆಗಳನ್ನು ಹೊಲಿಯುವ ಕೆಲಸ. ಇನ್ನೊಂದು ಕಡೆ ಐದು ಡಿಸ್ಟ್ರಿಕ್ಟ್‌ಗಳ ವಸತಿಹೀನರಿಗೆ ಒಂದೇ ಮೂಲೆಯ ಮನೆಗಳು.

ಬಾಡಿಗೆಯಿಂದ ಬರುವ ಹಣಕ್ಕೆ ಪ್ರತ್ಯೇಕ ಖಾತೆಯಿರಬೇಕು, ಅದನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ ಎಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಒಂದು ಕೌನ್ಸಿಲ್‌ಗೆ ಇಂಥ ಖಾತೆ ಒಂದೇ. 2021ರಲ್ಲಿ ನಾರ್ತ್ ನಾರ್ಥಾಂಪ್ಟನ್‌ಷೈರ್ ಹುಟ್ಟಿದಾಗ ಕಾರ್ಬಿ ಮತ್ತು ಕೆಟರಿಂಗ್ ಪಟ್ಟಣಗಳ ಖಾತೆಗಳು ಒಂದಾದವು. ಆದರೆ ಕಾರ್ಬಿಯ ಬಾಡಿಗೆ ಕೆಟರಿಂಗ್‌ನ ಛಾವಣಿಗೆ ಹೋಗುತ್ತದೆಂಬ ಆತಂಕ ಏಳಬಹುದಲ್ಲ, ಅದಕ್ಕೆ ಒಂದು ಖಾತೆಯೊಳಗೇ ಎರಡು ನೆರೆಹೊರೆ ಖಾತೆಗಳನ್ನು ಇಟ್ಟುಕೊಂಡರು. ಅವಿಭಕ್ತ ಕುಟುಂಬದಲ್ಲಿ ಒಲೆ ಒಂದು, ಡಬ್ಬಿ ಎರಡು ಎಂಬಂತೆ. ಬೋರ್ನ್‌ಮತ್ ಮತ್ತು ಪೂಲ್ 2019ರಲ್ಲಿ ಒಂದಾದರೂ ಅವುಗಳ ಮನೆಗಳ ನಿರ್ವಹಣೆ ಒಂದಾಗಿದ್ದು 2022ರಲ್ಲಿ.

ಈ ಪ್ರತ್ಯೇಕ ಪೆಟ್ಟಿಗೆಯ ಬೆಲೆ ತಿಳಿಯಬೇಕಾದರೆ ವೋಕಿಂಗ್ ಕಡೆ ನೋಡಬೇಕು. ಬಹುಮಹಡಿ ಕಟ್ಟಡಗಳ ಕನಸಿಗೆ ಸಾಲ ಮಾಡಿದ ಆ ಪುಟ್ಟ ಕೌನ್ಸಿಲ್ 2023ರ ಜೂನ್‌ನಲ್ಲಿ ತನ್ನಿಂದ ಲೆಕ್ಕ ಸರಿದೂಗಿಸಲಾಗದೆಂದು ಅಧಿಕೃತವಾಗಿ ಘೋಷಿಸಿತು. ಸಾಲ ಸುಮಾರು 200 ಕೋಟಿ ಪೌಂಡ್. ಅದರಲ್ಲಿ 50 ಕೋಟಿಯನ್ನು ತಾನು ತೀರಿಸುವುದಾಗಿ ಸರ್ಕಾರ ಹೇಳಿದೆ. ಉಳಿದ ಭಾರ ವೆಸ್ಟ್ ಸರ್ರೆಯತ್ತ ಬರುತ್ತಿದೆ. ಗಿಲ್ಫರ್ಡ್‌ನ ಬಾಡಿಗೆದಾರ ಕೊಟ್ಟ ಹಣದಿಂದ ವೋಕಿಂಗ್‌ನ ಗೋಪುರಗಳ ಸಾಲ ತೀರಿಸುವಂತಿಲ್ಲ, ಪೆಟ್ಟಿಗೆಗೆ ಬೀಗವಿದೆ. ವಸತಿಹೀನರ ಸೇವೆ ಮಾತ್ರ ಈ ಬೀಗದ ಹೊರಗಿದೆ. ಅದರ ಖರ್ಚು ಸಾಮಾನ್ಯ ನಿಧಿಯಿಂದ ಬರುತ್ತದೆ. ಸಾಲದ ಬಡ್ಡಿ ಕಟ್ಟುವುದೂ ಅದೇ ನಿಧಿಯಿಂದ.

ಇದರ ಮೇಲೆ ಹೊಸ ಕರ್ತವ್ಯಗಳು. ರಾಚ್‌ಡೇಲ್‌ನಲ್ಲಿ ಬೂಷ್ಟು ತುಂಬಿದ ಮನೆಯಲ್ಲಿ 2020ರಲ್ಲಿ ಸತ್ತ ಎರಡು ವರ್ಷದ ಅವಾಬ್ ಇಶಾಕ್‌ನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ತುರ್ತು ಅಪಾಯವನ್ನು 24 ಗಂಟೆಯೊಳಗೆ ನಿಭಾಯಿಸಬೇಕು, ಗಂಭೀರ ತೇವ ಮತ್ತು ಬೂಷ್ಟಿನ ದೂರನ್ನು ಹತ್ತು ಕೆಲಸದ ದಿನಗಳಲ್ಲಿ ಪರಿಶೀಲಿಸಬೇಕು. ನಾಲ್ಕು ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಹರಡಿದ ದೂರುಗಳನ್ನು ಒಂದಕ್ಕೆ ಸುರಿಯುವ ತಿಂಗಳಲ್ಲೂ ಈ ಗಂಟೆಗಳು ಓಡುತ್ತಲೇ ಇರುತ್ತವೆ.

ಸತ್ತ ಕೌನ್ಸಿಲ್‌ನ ಜೀವಂತ ನಕ್ಷೆ

ನಗರ ಯೋಜನೆಯ ಕಾಲಮಾನವೇ ಬೇರೆ. ನಮ್ಮ ಮಾಸ್ಟರ್ ಪ್ಲಾನ್‌ನಂತೆ ಅಲ್ಲಿ ಪ್ರತಿ ಕೌನ್ಸಿಲ್‌ಗೂ ಒಂದು ಸ್ಥಳೀಯ ಯೋಜನೆ ಇರುತ್ತದೆ. ಕೌನ್ಸಿಲ್ ಅಳಿದರೂ ಅದರ ಯೋಜನೆ ಅಳಿಯುವುದಿಲ್ಲ. ಹೊಸದು ಬರುವತನಕ ಹಳೆಯ ಗಡಿಯೊಳಗೆ ಅದೇ ಕಾನೂನು. ಹೊಸ ಕೌನ್ಸಿಲ್‌ಗೆ ಐದು ವರ್ಷಗಳ ಕಾಲಾವಕಾಶವಿದೆ. ಆದರೆ 2009ರಲ್ಲಿ ಒಂದಾದ ಕಾರ್ನ್‌ವಾಲ್‌ಗೆ ತನ್ನ ಯೋಜನೆ ದಕ್ಕಿದ್ದು 2016ರಲ್ಲಿ, ಅದೇ ದಿನ ಹುಟ್ಟಿದ ವಿಲ್ಟ್‌ಷೈರ್‌ಗೆ 2015ರಲ್ಲಿ. 2020ರಲ್ಲಿ ಒಂದಾದ ಬಕಿಂಗ್‌ಹ್ಯಾಮ್‌ಷೈರ್ ಅದೇ ವರ್ಷ ತನ್ನ ದಕ್ಷಿಣ ಭಾಗದ ಕರಡು ಯೋಜನೆಯನ್ನು ಹಿಂಪಡೆಯಬೇಕಾಯಿತು. ಅಲ್ಲಿ 2011ರ ದಾಖಲೆಗಳೇ ಗತಿಯಾದವು.

ಹಳೆಯ ನಕ್ಷೆಯಿಂದ ನಷ್ಟವೇನು? ರಾಷ್ಟ್ರೀಯ ನೀತಿಯ ಪ್ರಕಾರ ಯೋಜನೆಗೆ ಐದು ವರ್ಷ ತುಂಬಿದರೆ, ಎಷ್ಟು ಮನೆ ಬೇಕೆಂಬ ಲೆಕ್ಕ ಸಾಮಾನ್ಯವಾಗಿ ಕೇಂದ್ರದ ಸೂತ್ರಕ್ಕೆ ಜಾರುತ್ತದೆ. ಆ ಸಂಖ್ಯೆ ಬಹುತೇಕ ಕಡೆ ದೊಡ್ಡದು. ಅಷ್ಟು ಮನೆಗಳಿಗೆ ಐದು ವರ್ಷಕ್ಕಾಗುವ ಜಾಗ ತೋರಿಸಲಾಗದಿದ್ದರೆ ತಕ್ಕಡಿ ಬಿಲ್ಡರ್ ಕಡೆಗೆ ವಾಲುತ್ತದೆ. ಕೌನ್ಸಿಲ್ ಬೇಡವೆಂದ ಬಡಾವಣೆಗೆ ಮೇಲ್ಮನವಿಯಲ್ಲಿ ಅನುಮತಿ ಸಿಗುತ್ತದೆ. ಮನೆಗಳೇನೋ ಏಳುತ್ತವೆ. ಬಸ್ಸು, ಶಾಲೆ, ವೈದ್ಯರಿರುವಲ್ಲಿ ಏಳುವ ಬದಲು ಜಮೀನು ಸಿಕ್ಕಲ್ಲಿ ಏಳುತ್ತವೆ. ಈ ಸಂಸತ್ತಿನ ಅವಧಿಯಲ್ಲಿ 15 ಲಕ್ಷ ಮನೆ ಕಟ್ಟಿಸುವ ಗುರಿ ಹೊತ್ತ ಸರ್ಕಾರಕ್ಕೆ ಇದರಿಂದ ತೊಂದರೆಯಿಲ್ಲ ಎಂದು ವಾದಿಸಬಹುದು.

ವಿಲೀನದ ಹೊಸ್ತಿಲಲ್ಲಿ ಎರಡು ತದ್ವಿರುದ್ಧ ಆಸೆಗಳು ಹುಟ್ಟುತ್ತವೆ. ಹೇಗೂ ಅಳಿಸಿಹೋಗುತ್ತೇವೆ, ಯೋಜನೆಗೇಕೆ ಖರ್ಚು ಎಂಬುದು ಒಂದು. ಹೋಗುವ ಮುನ್ನ ನಮ್ಮೂರ ಹಣವನ್ನು ನಮ್ಮೂರಿಗೇ ಖರ್ಚು ಮಾಡಿಬಿಡೋಣ ಎಂಬುದು ಇನ್ನೊಂದು. ಎರಡನೆಯದಕ್ಕೆ ಕಡಿವಾಣ ಹಾಕಲು ಸಚಿವರಿಗೆ ಅಧಿಕಾರವಿದೆ. ಅವರು ನಿರ್ದೇಶನ ಕೊಟ್ಟರೆ, ಒಂದು ಲಕ್ಷ ಪೌಂಡ್ ಮೀರಿದ ಜಮೀನು ಮಾರಾಟಕ್ಕೆ, ಹತ್ತು ಲಕ್ಷ ಮೀರಿದ ಕಾಮಗಾರಿಯ ಗುತ್ತಿಗೆಗೆ ಮುಂದೆ ಬರುವ ಕೌನ್ಸಿಲ್‌ನ ಒಪ್ಪಿಗೆ ಬೇಕಾಗುತ್ತದೆ. ದುಂದು ನಿಲ್ಲುತ್ತದೆ. ಅದರ ಜೊತೆಗೆ, ಬಡವರ ಮನೆಗಳಿಗೆ ಜಮೀನು ಬಿಟ್ಟುಕೊಡುವ ಕಡತವೂ ಇನ್ನೊಂದು ಸಹಿಗಾಗಿ ಕಾಯುತ್ತದೆ.

ಬೆಂಗಳೂರು ಕಂಡದ್ದು

ನಮಗೆ ಇದೆಲ್ಲ ಹೊಸತಲ್ಲ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ, ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬಿಬಿಎಂಪಿ ಆಯಿತು. ಫಲಕ ಬದಲಾಗಲು ತಡವಾಗಲಿಲ್ಲ. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ನಗರದ ಪರಿಷ್ಕೃತ ಮಾಸ್ಟರ್ ಪ್ಲಾನ್‌ನ ಗುರಿ 2015. 2031ಕ್ಕೆಂದು ತಯಾರಾದ ಕರಡು ಅಂತಿಮವಾಗಲೇ ಇಲ್ಲ. ಬಿ ಖಾತಾ ಎಂಬ ತಲೆನೋವಿನ ಬೇರುಗಳೂ ಬೇರೆಬೇರೆ ನಿಯಮಗಳ ಪ್ರದೇಶಗಳನ್ನು ಒಂದೇ ವಹಿಗೆ ತಂದ ಆ ಕಾಲದಲ್ಲಿವೆ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಯಿತು. ಇಂಗ್ಲೆಂಡ್ ದೊಡ್ಡದರತ್ತ ಹೊರಟ ಹೊತ್ತಿಗೆ ನಾವು ದೊಡ್ಡದನ್ನು ಒಡೆದೆವು. ಎರಡೂ ಕಡೆ ಕೊಟ್ಟ ಕಾರಣ ಮಾತ್ರ ಒಂದೇ: ಉತ್ತಮ ಆಡಳಿತ.

ಅಲ್ಲಿರುವ ಕನ್ನಡಿಗರಿಗೆ

ಕೆಲಸದ ವೀಸಾದಲ್ಲಿ ಇಂಗ್ಲೆಂಡಿನಲ್ಲಿರುವವರು ಸಾಮಾನ್ಯವಾಗಿ ಕೌನ್ಸಿಲ್ ಮನೆಗಾಗಲಿ ವಸತಿಹೀನರ ನೆರವಿಗಾಗಲಿ ಅರ್ಹರಲ್ಲ. ಆ ಎರಡು ಸೇವೆಗಳ ಏರುಪೇರು ಅವರಿಗೆ ತಟ್ಟುವುದು ಬಹುಮಟ್ಟಿಗೆ ತೆರಿಗೆಯ ರೂಪದಲ್ಲಿ. ವೋಕಿಂಗ್‌ನಲ್ಲಿ ಇರುವವರೂ ಗಿಲ್ಫರ್ಡ್‌ನಲ್ಲಿ ಇರುವವರೂ ಈಗ ಬೇರೆಬೇರೆ ದರದಲ್ಲಿ ಕೌನ್ಸಿಲ್ ತೆರಿಗೆ ಕಟ್ಟುತ್ತಾರೆ. ಒಂದೇ ಕೌನ್ಸಿಲ್ ಆದ ಮೇಲೆ ದರಗಳನ್ನು ಸರಿಹೊಂದಿಸಬೇಕು. ಹಂತಹಂತವಾಗಿ ಮಾಡಲು ಏಳು ವರ್ಷಗಳವರೆಗೆ ಅವಕಾಶವಿದೆ.

ಸ್ವಂತ ಮನೆ ಕೊಂಡು, ಹಿಂದೊಂದು ಕೋಣೆ ಕಟ್ಟಲು ಅನುಮತಿ ಕೇಳಿರುವವರ ಅರ್ಜಿ ವಿಲೀನದಿಂದ ರದ್ದಾಗುವುದಿಲ್ಲ, ಸಿಕ್ಕ ಅನುಮತಿಯೂ ಊರ್ಜಿತವೇ. ಅರ್ಜಿಯನ್ನು ತೂಗುವುದೂ ಇನ್ನು ಕೆಲವು ವರ್ಷ ಹಳೆಯ ಡಿಸ್ಟ್ರಿಕ್ಟ್‌ನ ಯೋಜನೆಯ ಮೇಲೆಯೇ. 2027ರ ಏಪ್ರಿಲ್ ನಂತರ ಸರ್ರೆಯಲ್ಲಿ ಬರುವ ಪತ್ರದ ತಲೆಯಲ್ಲಿ ವೆಸ್ಟ್ ಸರ್ರೆ ಎಂದಿದ್ದು, ಒಳಗೆ ಉಲ್ಲೇಖಿಸಿದ ನಿಯಮ ಗಿಲ್ಫರ್ಡ್‌ನದೋ ವೇವರ್ಲಿಯದೋ ಆಗಿದ್ದರೆ ಅದನ್ನು ಮುದ್ರಣದೋಷವೆಂದು ತಿಳಿಯಬೇಕಾಗಿಲ್ಲ.